ಗಟ್ಟಿ ಹಿಡ್ಕೊ

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯ ಜಸುಬೆನ್ ಬಾಗಿಲಿಗೆ ಬಂದು ನಿಂತು ಮಗಳನ್ನು ಕರೆಯುತ್ತಿದ್ದಳು. "ಕುಸುಮ್, ಏ ಕುಸುಮ್, ಘೇರ್ ಆವ್!" ಮನೆಗೆ ಬಾ ಎಂದು. ಸೂರತ್ತಿನ ನಾನ್‌ಪುರಾದ ಆ ಓಣಿಯಲ್ಲಿ ಸಂಜೆಯಾಯಿತೆಂದರೆ ಎಲ್ಲ ತಾಯಂದಿರೂ ಮಕ್ಕಳನ್ನು ಕೂಗಿ ಕರೆಯುವವರೇ. ಮಕ್ಕಳು ಗೊಣಗುತ್ತ ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದವು. ಜಸುಬೆನ್ ಕರೆದ ಮಗಳು ಮಾತ್ರ ಬರುತ್ತಿರಲಿಲ್ಲ. ಅವಳು ತಾಪಿ ನದಿಯ ನೆರೆಯಲ್ಲಿ ಹೋಗಿ ಐದು ತಿಂಗಳಾಗಿತ್ತು.

ಆ ಕೂಗು ಕೇಳಿದ ಕೂಡಲೇ ಸುಲೋಚನಾ ಕೈಯಲ್ಲಿದ್ದ ಕೆಲಸ ಬಿಟ್ಟು ಎಡಗೈ ಮಣಿಕಟ್ಟನ್ನು ಬಲಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಅಲ್ಲಿ ತಣ್ಣಗಾಗುತ್ತಿತ್ತು. ಸಣ್ಣ ಬೆರಳುಗಳು ಸುತ್ತಿಕೊಂಡು ಬಿಗಿಯಾಗಿ, ಆಮೇಲೆ ಒಂದೊಂದೇ ಜಾರಿದ ಹಾಗೆ. ಒಲೆಯ ಬಳಿ ಹಿಡಿದರೂ ಆ ತಣ್ಪು ಹೋಗುತ್ತಿರಲಿಲ್ಲ. ಗಂಡನಿಗೆ ಇದನ್ನು ಅವಳು ಹೇಳಿರಲಿಲ್ಲ. ಹೇಳಿದರೆ ಅವನು ಊರಿಗೆ ಬರೆದು ಯಾವುದಾದರೂ ದೇವಸ್ಥಾನದ ಭಸ್ಮ ತರಿಸುತ್ತಿದ್ದ ಅಷ್ಟೆ.

ಗಂಡ ದಾಮೋದರ ಐತಾಳನದು ಸ್ಟೇಷನ್ ರಸ್ತೆಯಲ್ಲಿ ಸಣ್ಣ ಹೋಟೆಲು. ಉಧ್ನಾದ ಮಗ್ಗದ ಕಾರ್ಖಾನೆಗಳಿಗೆ ಹೋಗುವವರು, ರೈಲಿಳಿದವರು, ಅಪರೂಪಕ್ಕೆ ಬಾಯಿರುಚಿಗೆಂದು ಬರುವ ಸೂರತ್ತಿನ ಸೇಟುಗಳು, ಹೀಗೆ ಬೆಳಗಿನಿಂದ ಜನ. ಅವಳ ತವರು ಸೀತಾನದಿ ಕಡಲಿಗೆ ಸೇರುವ ಹಂಗಾರಕಟ್ಟೆಯ ಹತ್ತಿರ. ನಡೆಯಲು ಕಲಿತ ಮಾರನೆಯ ವರ್ಷವೇ ಅವಳಿಗೆ ಈಜು ಬಂದಿತ್ತು ಎಂದು ಅವಳ ಅಪ್ಪಯ್ಯ ಹೇಳುತ್ತಿದ್ದರು. ಮದುವೆಯಾಗಿ ಸೂರತ್ತಿಗೆ ಬಂದ ಮೇಲೆ ನದಿ ಪಕ್ಕದಲ್ಲೇ ಇದ್ದರೂ ಒಮ್ಮೆಯೂ ಇಳಿದಿರಲಿಲ್ಲ. ಇಲ್ಲಿಯ ಹೆಂಗಸರು ನದಿಗೆ ದೀಪ ಬಿಡುತ್ತಾರೆ, ಕೈಮುಗಿಯುತ್ತಾರೆ, ಇಳಿಯುವುದಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಕುಸುಮ್ ಅವಳ ಮನೆಯಲ್ಲೇ ಬೆಳೆದಳೆಂದರೂ ಸರಿ. ಜಸುಬೆನ್‌ಳ ಗಂಡನಿಗೆ ಜರಿ ಎಳೆಯುವ ಕೆಲಸ. ಜಸುಬೆನ್ ಕೂಡ ಮನೆಯಲ್ಲಿ ಕೂತು ಜರಿ ಸುತ್ತುತ್ತಿದ್ದಳು. ಆ ನೂಲಿಗೆ ಮಕ್ಕಳ ಕೈ ತಾಗಬಾರದೆಂದು ಕುಸುಮ್‌ಳನ್ನು ಎದುರುಮನೆಗೆ ಓಡಿಸುತ್ತಿದ್ದಳು. ಹುಡುಗಿ ಕಾವಲಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿತ್ತು. "ಮಾಸಿ, ದೋಸೆ ಬಿಸಿ. ಇನ್ನೊಂದು. ಬೆಲ್ಲ. ಸಾಕು." ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ, ಎಲ್ಲವೂ ತಿನ್ನುವ ಮಾತು. ಉಳಿದದ್ದೆಲ್ಲ ಇಬ್ಬರಿಗೂ ಗುಜರಾತಿಯಲ್ಲೇ.

ಅರವತ್ತೆಂಟನೆಯ ಇಸವಿಯ ಆಗಸ್ಟ್‌ನಲ್ಲಿ ನೀರು ಬಂದ ದಿನವೂ ಕುಸುಮ್ ಆ ಮಣೆಯ ಮೇಲೇ ಕೂತಿದ್ದಳು. ಬೆಳಗ್ಗೆ ಓಣಿಯ ಚರಂಡಿ ತಿರುಗಿ ಹರಿಯತೊಡಗಿತು. ಮಧ್ಯಾಹ್ನವಾಗುವುದರೊಳಗೆ ಒಲೆ ಆರಿತು, ಪಾತ್ರೆಗಳು ತೇಲಿದವು. ಐತಾಳರದು ಹೆಂಚಿನ ಮನೆ, ಮಾಳಿಗೆಯಿಲ್ಲ. ಎದುರಿನದು ಮಾಳಿಗೆಯ ಮನೆ. ನಡುವೆ ಇದ್ದದ್ದು ಎರಡು ಎತ್ತಿನಗಾಡಿ ಹೋಗುವಷ್ಟು ಅಗಲದ ಓಣಿ. ಆದರೆ ಆಗ ಅದು ಓಣಿಯಾಗಿರಲಿಲ್ಲ, ಒಂದು ಕಾಲುವೆ. ಜಸುಬೆನ್ ಮೇಲಿನ ಕಿಟಕಿಯಿಂದ ಸೀರೆಯೊಂದನ್ನು ಇಳಿಬಿಟ್ಟು ಕೂಗುತ್ತಿದ್ದಳು. ಸುಲೋಚನಾ ಎಡಗೈಯಲ್ಲಿ ಹುಡುಗಿಯ ಕೈ ಹಿಡಿದು, ಆ ಕೈ ತನ್ನ ಮಣಿಕಟ್ಟನ್ನು ಹಿಡಿದಿರುವಂತೆ ಮಾಡಿ, ಬಲಗೈಯಿಂದ ಈಜುತ್ತ ಹೊರಟಳು. ನಡುನೀರಿನಲ್ಲಿ ಎಲ್ಲಿಂದಲೋ ಕಿತ್ತು ಬಂದ ಬಾಗಿಲ ಹಲಗೆ ಅವರಿಬ್ಬರ ನಡುವೆ ನುಗ್ಗಿತು. ಅವಳು ಕೂಗಿದಳು: "ಗಟ್ಟಿ ಹಿಡ್ಕೊ! ಗಟ್ಟಿ ಹಿಡ್ಕೊ!"

ಕೈ ಜಾರಿತು. ಸೀರೆ ಹಿಡಿದುಕೊಂಡು ಅವಳೊಬ್ಬಳೇ ಮೇಲೆ ಹತ್ತಿದಳು. ನೀರು ಇಳಿದ ಮೇಲೆ ಹುಡುಗಿಯ ದೇಹ ಬಹಳ ಕೆಳಗೆ, ಕೆಸರಿನಲ್ಲಿ ಸಿಕ್ಕಿತು.

ಯಾರೂ ಅವಳನ್ನು ದೂರಲಿಲ್ಲ. ಜಸುಬೆನ್ ಕೂಡ ಒಂದು ಮಾತು ಆಡಲಿಲ್ಲ. ಅಂದಿನಿಂದ, ಸಂಜೆಯ ಆ ಕೂಗು ಬಿಟ್ಟರೆ, ಅವಳು ಯಾವ ಮಾತನ್ನೂ ಆಡಲಿಲ್ಲ. ಸುಲೋಚನಾಳನ್ನು ತಿನ್ನುತ್ತಿದ್ದುದು ಕೈ ಜಾರಿದ್ದಲ್ಲ. ಕೈ ಜಾರುತ್ತದೆ, ನದಿ ದೊಡ್ಡದು. ತಾನು ಕನ್ನಡದಲ್ಲಿ ಕೂಗಿದೆನಲ್ಲ ಎಂಬುದು. ಇಷ್ಟು ವರ್ಷ ಬಾಯಲ್ಲಿ ಆಡಿಕೊಂಡಿದ್ದ ಗುಜರಾತಿ ಪ್ರಾಣ ಹೋಗುವ ಹೊತ್ತಿಗೆ ನಾಲಗೆಗೆ ಬರಲಿಲ್ಲ. 'ಪಕಡೀ ರಾಖ್' ಎಂದಿದ್ದರೆ? ದೋಸೆ, ಬೆಲ್ಲ, ಸಾಕು ಇಷ್ಟೇ ಬಲ್ಲ ಮಗುವಿಗೆ ಗಟ್ಟಿ ಎಂದರೇನು, ಹಿಡ್ಕೊ ಎಂದರೇನು? ಬಟ್ಟೆ ಒಗೆಯುವಾಗ, ಅಕ್ಕಿ ರುಬ್ಬುವಾಗ, ಅವಳ ತುಟಿ ತಾನಾಗಿ ಆ ಎರಡು ಗುಜರಾತಿ ಶಬ್ದಗಳನ್ನು ಹೇಳುತ್ತಿತ್ತು. ಆಗ ಯಾರೂ ಹಿಡಿದುಕೊಳ್ಳುವವರಿರಲಿಲ್ಲ.

ಗೋಡೆಯ ಮೇಲೆ ನೆರೆಯ ಗುರುತು ಉಳಿದಿತ್ತು. ದಾಮೋದರ ದೀಪಾವಳಿಗೆ ಸುಣ್ಣ ಹೊಡೆಸಿದ. ವಾರದೊಳಗೆ ಆ ಕಂದು ಗೆರೆ ಸುಣ್ಣದೊಳಗಿಂದ ಮತ್ತೆ ಮೂಡಿತು. ಮತ್ತೆ ಹೊಡೆಸಿದ. ಮತ್ತೆ ಮೂಡಿತು. ಸುಲೋಚನಾ ಆಮೇಲೆ ಹೊಡೆಸುವುದು ಬೇಡವೆಂದಳು.

ಜನವರಿಯಲ್ಲಿ ನಗರಸಭೆಯ ಜೀಪು ಓಣಿ ಓಣಿಗೂ ಬಂತು, ಮೇಲೆ ಧ್ವನಿವರ್ಧಕ ಕಟ್ಟಿಕೊಂಡು. "ನಾಗರಿಕ ಬಂಧುಗಳೇ, ದಿನಕ್ಕೆ ಅರ್ಧ ಗಂಟೆ ನಿಮ್ಮ ಶರೀರಕ್ಕೆ ಕೊಡಿ! ನಡೆಯಿರಿ, ಓಡಿರಿ, ಆಡಿರಿ!" ನೆರೆಯಲ್ಲಿ ಊರು ಕುಸಿದು ಕೂತಿದೆ, ಜನರನ್ನು ಎಬ್ಬಿಸಬೇಕು ಎಂದು ಯೋಜನೆ. ಮುಚ್ಚಿಹೋಗಿದ್ದ ಗರಡಿಮನೆಗಳ ಬೀಗ ತೆಗೆದರು. ಶಾಲೆಯ ಮೈದಾನಗಳಲ್ಲಿ ಬೆಳಗ್ಗೆ ಕವಾಯತು, ನದಿದಂಡೆಯಲ್ಲಿ ನಡೆಯುವವರಿಗೆಂದು ದಾರಿ. ಸೂರತ್ತಿನ ಊಟ, ಕಾಶಿಯ ಸಾವು, ಇವೆರಡೂ ಪುಣ್ಯವಂತರಿಗೆ ಎಂದು ಹೇಳಿಕೊಳ್ಳುವ ಊರು ಅದು. ಜನ ನಕ್ಕರು, ಆದರೂ ಹೊರಟರು. ಹೊಟ್ಟೆ ಬಂದಿದ್ದ ದಾಮೋದರನೂ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೂರು ಬೆಳಗು ನಡೆದ. ನಾಲ್ಕನೆಯ ದಿನದಿಂದ, ನಡೆದು ಬಂದವರಿಗೆ ಉಪ್ಪಿಟ್ಟು ಬಡಿಸುವುದೇ ತನಗೆ ಸಾಕಷ್ಟು ವ್ಯಾಯಾಮ ಎಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತ.

ಹೆಂಗಸರಿಗೆ ಏನು? ನಗರಸಭೆಯ ಸದಸ್ಯೆ ನಿರುಪಮಾಬೆನ್ ಒಂದು ಮಾತು ಎತ್ತಿದರಂತೆ. ಅವರು ನಿವೃತ್ತ ಶಾಲಾ ಶಿಕ್ಷಕಿ, ಬಿಳಿ ಖಾದಿ ಸೀರೆಯ, ದೊಡ್ಡ ದನಿಯ ಹೆಂಗಸು. "ನಾವು ನದಿಯ ಮಡಿಲಲ್ಲಿ ಕೂತಿದ್ದೇವೆ. ನದಿ ಮನೆಗೆ ಬಂದಾಗ ನಮ್ಮ ಒಬ್ಬ ಹೆಂಗಸಿಗೂ ಈಜು ಬರಲಿಲ್ಲ. ಅವರಿಗೆ ಕವಾಯತು ಬೇಡ, ಈಜು ಕಲಿಸೋಣ." ನದಿಗೆ ಇಳಿಯುವ ಮೆಟ್ಟಿಲುಗಳಿಗೆ ಅಲ್ಲಿ ಓವಾರಾ ಎನ್ನುತ್ತಾರೆ. ನಾನ್‌ಪುರಾದ ಒಂದು ಓವಾರಾಕ್ಕೆ ಬಟ್ಟೆಯ ಪರದೆ ಕಟ್ಟಿ, ನೀರಿನಲ್ಲಿ ಬಿದಿರು ನೆಟ್ಟು ಹಗ್ಗ ಬಿಗಿದು, ಬೆಳಗಿನ ಹೊತ್ತು ಹೆಂಗಸರಿಗೆ ಮಾತ್ರ ಎಂದು ಗೊತ್ತು ಮಾಡಿದರು. ಕಲಿಸುವವಳು ಬೇಕಿತ್ತು. ಓಣಿಯವರು ಯಾರೋ ಸುಲೋಚನಾಳ ಹೆಸರು ಹೇಳಿದರು.

ನಿರುಪಮಾಬೆನ್ ಮನೆಗೇ ಬಂದರು. ಜಗಲಿಯ ಮೇಲೆ ಕೂತು ಕೇಳಿದರು, "ನಿಮಗೆ ಈಜು ಬರುತ್ತದಂತೆ?"

"ಇಲ್ಲ, ಬರುವುದಿಲ್ಲ" ಎಂದಳು ಸುಲೋಚನಾ.

"ಜನ ಕಣ್ಣಾರೆ ನೋಡಿದ್ದಾರಲ್ಲ ಬೆನ್."

"ಅವರು ನೋಡಿದ್ದು ಈಜಲ್ಲ. ಈಜು ಬಂದಿದ್ದರೆ ಹಾಗೆ ಆಗುತ್ತಿರಲಿಲ್ಲ."

ನಿರುಪಮಾಬೆನ್ ತಿರುಗಿ ಎದುರುಮನೆಯತ್ತ ನೋಡಿದರು. ಓಣಿಯಾಚೆ, ಬಾಗಿಲಲ್ಲಿ, ಜರಿಯ ರಾಟೆಯನ್ನು ಮಡಿಲಲ್ಲಿಟ್ಟುಕೊಂಡು ಜಸುಬೆನ್ ಕೂತಿದ್ದಳು. ರಾಟೆ ತಿರುಗುತ್ತಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಜಸುಬೆನ್ ಓಣಿ ದಾಟಿ ಬಂದಳು. ನೆರೆಯ ನಂತರ ಅದೇ ಮೊದಲು. ಹೊಸ್ತಿಲ ಹೊರಗೇ ನಿಂತು, ನೆಲ ನೋಡುತ್ತ ಹೇಳಿದಳು: "ಸುಲೂಬೆನ್, ನೀವು ಕಲಿಸಿ. ನಾನು ಬರುತ್ತೇನೆ."

"ನೀವಾ? ನಿಮಗೆ ಯಾಕೆ ಜಸುಬೆನ್?"

"ಬರುತ್ತೇನೆ" ಎಂದು ಮತ್ತೊಮ್ಮೆ ಹೇಳಿ ತಿರುಗಿ ಹೋದಳು. ಉತ್ತರಕ್ಕೂ ಕಾಯಲಿಲ್ಲ.

ಸಂಜೆ ಅದನ್ನು ಕೇಳಿ ದಾಮೋದರನ ಮುಖ ಕಪ್ಪಿಟ್ಟಿತು. "ನೀನ್ ಹೋಪ್ದ್ ಬ್ಯಾಡ ಮಾರಾಯ್ತಿ. ಆ ಹೆಂಗ್ಸಿನ್ ಮನ್ಸಗೆ ಎಂತ ಇತ್ತೊ ಏನೊ. ನೀರಿಗೆ ಇಳ್ದ್ ಮೇಲೆ ಏನಾರೂ ಆರೆ?"

"ಆರೆ ಆಯ್ಲಿ" ಎಂದಳು ಸುಲೋಚನಾ.

"ಎಂತ ಮಾತ್ ಅದ್?"

"ಅವ್ರ್ ಬಾ ಅಂದ್ರೆ ಹೋಗ್ದೆ ಇಪ್ಪುಕ್ ನಂಗೆ ಎಡಿಯ. ನೀವ್ ನಂಗೆ ಒಣ್ಗಿದ್ ತೆಂಗಿನಕಾಯಿ ಕಳ್ಸಿ, ಸಿಪ್ಪೆ ಸುಲಿಬೇಡಿ."

ಅವಳ ಊರಲ್ಲಿ ಮಕ್ಕಳಿಗೆ ಈಜು ಕಲಿಸುವುದೇ ಹಾಗೆ. ಸಿಪ್ಪೆಯಿರುವ ಎರಡು ಒಣಕಾಯಿಗಳನ್ನು ಜೋಡಿ ಮಾಡಿ ಸೊಂಟಕ್ಕೆ ಕಟ್ಟಿ ನೀರಿಗೆ ಬಿಡುತ್ತಾರೆ. ಹೋಟೆಲಿನ ಉಗ್ರಾಣದಿಂದ ಮೂಟೆ ಬಂತು. ಓವಾರಾದ ಮೆಟ್ಟಿಲ ಮೇಲೆ ಹೆಂಗಸರು ಹಳೆಯ ಸೀರೆ ಕಚ್ಚೆ ಹಾಕಿಕೊಂಡು, ಸೊಂಟಕ್ಕೆ ಕಾಯಿ ಕಟ್ಟಿಸಿಕೊಂಡು, ಒಬ್ಬರನ್ನೊಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ತಾಪಿ ಅಲ್ಲಿ ಕಡಲಿನ ಮಾತು ಕೇಳುವ ನದಿ. ಉಬ್ಬರ ತುಂಬಿ ನಿಂತ ಹೊತ್ತಿನಲ್ಲಿ ಮಾತ್ರ ಸುಲೋಚನಾ ಅವರನ್ನು ಇಳಿಸುತ್ತಿದ್ದಳು. ಇಳಿತ ಶುರುವಾಗುವ ಮೊದಲೇ ಹತ್ತಿಸಿಬಿಡುತ್ತಿದ್ದಳು. ಮೊದಲ ದಿನ ಅವಳು ಒಂದೊಂದೇ ಮೆಟ್ಟಿಲಾಗಿ ಇಳಿದಳು. ನೀರು ಎದೆಗೆ ಬಂದ ಕೂಡಲೇ ಎಡಗೈ ಹೆಪ್ಪುಗಟ್ಟಿದಂತಾಯಿತು. ಇಲ್ಲಿ, ಈ ನೀರಲ್ಲಿ, ಅದು ಬರೀ ತಣ್ಪಾಗಿರಲಿಲ್ಲ. ಯಾರೋ ಹಿಡಿದಿದ್ದರು. ಅವಳು ಕೆಳಗೆ ನೋಡಿದಳು. ಕಂದು ನೀರು, ತನ್ನ ಬೆರಳು ತನಗೇ ಕಾಣದಷ್ಟು.

ಒಂದು ನಿಯಮವನ್ನು ಅವಳು ತನಗೆ ತಾನೇ ಹಾಕಿಕೊಂಡಳು. ನೀರಿನಲ್ಲಿದ್ದಾಗ ಒಂದು ಕನ್ನಡದ ಶಬ್ದವೂ ಬಾಯಿಂದ ಬರಬಾರದು. ಅವಳಿಗೆ ಈಜು ಗೊತ್ತಿದ್ದದ್ದೇ ಕನ್ನಡದಲ್ಲಿ. ಕಾಲು ಬಡಿ, ಉಸಿರು ಬಿಡು, ಮೈ ಸಡಿಲ ಬಿಡು ಎಂದು ಅಪ್ಪಯ್ಯ ದಂಡೆಯಿಂದ ಕೂಗಿ ಹೇಳಿದ್ದು. ಪ್ರತಿ ಮಾತನ್ನೂ ಮೊದಲು ಮನಸ್ಸಿನಲ್ಲಿ ಗುಜರಾತಿಗೆ ತಿರುಗಿಸಿ ಆಮೇಲೆ ಬಾಯಿ ತೆರೆಯುತ್ತಿದ್ದಳು. ಹೆಂಗಸರು ಅವಳು ಬಹಳ ತಾಳ್ಮೆಯವಳೆಂದುಕೊಂಡರು.

ಜಸುಬೆನ್ ನಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಉಳಿದವರು ಹಗ್ಗ ಹಿಡಿದು ಕಾಲು ಬಡಿಯತೊಡಗಿದ್ದರು. ಅವಳು ಕುತ್ತಿಗೆವರೆಗೆ ಇಳಿದು ಸುಮ್ಮನೆ ನಿಲ್ಲುತ್ತಿದ್ದಳು, ನದಿಯ ನಡುವನ್ನೇ ನೋಡುತ್ತ. ಹೇಳಿದ್ದನ್ನು ಮಾಡುತ್ತಿದ್ದಳು, ಆದರೆ ಅವಳಿಗೆ ಬೇಕಾದದ್ದು ಇದಲ್ಲ ಎಂದು ಸುಲೋಚನಾಗೆ ಅನ್ನಿಸುತ್ತಿತ್ತು. ಕೆಲವೊಮ್ಮೆ ಜಸುಬೆನ್ ತಿರುಗಿ ಸುಲೋಚನಾಳ ಬಾಯಿಯನ್ನೇ ನೋಡುತ್ತಿದ್ದಳು, ಏನೋ ಕೇಳಿಸಿಕೊಳ್ಳಲು ಕಾಯುವವಳಂತೆ. ಸಂಜೆ ಮಾತ್ರ ಮೊದಲಿನ ಹಾಗೆಯೇ, ಬಾಗಿಲಿಗೆ ಬಂದು, "ಕುಸುಮ್, ಘೇರ್ ಆವ್!"

ಹೋಳಿ ಕಳೆದ ಮೇಲೆ ಒಂದು ಬೆಳಗ್ಗೆ, ಎಲ್ಲರೂ ಹತ್ತಿ ಬಟ್ಟೆ ಹಿಂಡುತ್ತಿದ್ದಾಗ, ಸುಲೋಚನಾ ತಲೆ ಎಣಿಸುವ ಅಭ್ಯಾಸದಂತೆ ಹಿಂತಿರುಗಿ ನೋಡಿದಳು. ಹಗ್ಗದ ಆಚೆ ಒಂದು ಜೋಡಿ ತೆಂಗಿನಕಾಯಿ ತೇಲುತ್ತಿತ್ತು. ಅದರ ಗಂಟನ್ನು ಯಾರೋ ಬಿಚ್ಚಿದ್ದರು.

ಅವಳು ಧುಮುಕಿದಳು. ಇಳಿತ ಶುರುವಾಗಿತ್ತು. ನೀರು ಕಾಲನ್ನು ಕೆಳಕ್ಕೆ ಎಳೆಯುತ್ತಿತ್ತು. ಕಣ್ಣು ಬಿಟ್ಟರೆ ಕಂದು ಕತ್ತಲು ಬಿಟ್ಟು ಬೇರೇನಿಲ್ಲ. ಕೈ ಚಾಚಿ ತಡಕಿದಳು, ಸೀರೆಯ ಸೆರಗು ಸಿಕ್ಕಿ ಜಾರಿತು, ಮತ್ತೆ ತಡಕಿದಾಗ ಕೂದಲು, ಆಮೇಲೆ ಒಂದು ಕೈ. ಆ ಕೈ ಹಿಡಿದುಕೊಳ್ಳಲಿಲ್ಲ. ಎತ್ತಿ ನೀರಿನ ಮೇಲೆ ತಲೆ ತಂದ ಕೂಡಲೇ, ಅವಳು ಹಾಕಿಕೊಂಡ ನಿಯಮ, ಇಷ್ಟು ವಾರಗಳ ಎಚ್ಚರ, ಎಲ್ಲ ಹೋಗಿ, ಅವಳ ಗಂಟಲು ತಾನಾಗಿ ಕೂಗಿತು: "ಗಟ್ಟಿ ಹಿಡ್ಕೊ! ಗಟ್ಟಿ ಹಿಡ್ಕೊ!"

ಜಸುಬೆನ್‌ಳ ಕಣ್ಣು ಅಗಲವಾದವು. ಅವಳ ಬೆರಳು ಸುಲೋಚನಾಳ ಎಡಗೈ ಮಣಿಕಟ್ಟನ್ನು ಸುತ್ತಿ ಬಿಗಿದವು.

ಮೆಟ್ಟಿಲ ಮೇಲೆ ಉಳಿದ ಹೆಂಗಸರು ಬೆನ್ನು ತಟ್ಟಿ ನೀರು ಕಕ್ಕಿಸಿದರು. ಉಸಿರು ಸರಿಯಾದ ಮೇಲೆ ಜಸುಬೆನ್ ಅವರನ್ನೆಲ್ಲ ಕೈಸನ್ನೆಯಿಂದ ದೂರ ಕಳಿಸಿದಳು. ಸುಲೋಚನಾಳ ಕೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

"ಅದೇ ಮಾತು" ಎಂದಳು. "ಅವತ್ತೂ ನೀನು ಅದನ್ನೇ ಕೂಗಿದೆ. ಏನದು?"

ಇಷ್ಟು ವರ್ಷಗಳಲ್ಲಿ ಅವಳು ಸುಲೋಚನಾಳನ್ನು ನೀನು ಎಂದದ್ದು ಅದೇ ಮೊದಲು.

"ಪಕಡೀ ರಾಖ್ ಅಂತ. ಬಿಡಬೇಡ, ಗಟ್ಟಿಯಾಗಿ ಹಿಡಿದುಕೊ ಅಂತ."

ಜಸುಬೆನ್ ಇನ್ನೊಂದು ಕೈಯಿಂದ ಒದ್ದೆ ಸೆರಗನ್ನು ಮೈಗೆ ಎಳೆದುಕೊಂಡಳು. ಅವಳ ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು.

"ನಾನು ಮೇಲಿನ ಕಿಟಕಿಯಲ್ಲಿದ್ದೆ. ನೀರಿನ ಸದ್ದು. ನೀನು ಏನು ಕೂಗಿದೆಯೋ ಪೂರ್ತಿ ಕೇಳಲಿಲ್ಲ. ಕೊನೆಗೆ ಡ್ಕೊ, ಡ್ಕೊ ಅಂತ. ನನಗೆ ಅದು ಛೋಡ್, ಛೋಡ್ ಅಂತ ಕೇಳಿಸಿತು. ಬಿಡು, ಬಿಡು ಅಂತ. ನೀನು ಅವಳನ್ನು ಗದರಿಸಿ ಕೈ ಬಿಡಿಸುತ್ತಿದ್ದೀ ಅಂದುಕೊಂಡೆ. ನಿನ್ನನ್ನೂ ಮುಳುಗಿಸುತ್ತಾಳೆ ಅಂತ ಹೆದರಿ."

ಸುಲೋಚನಾ ಅವಳ ಮುಖವನ್ನೇ ನೋಡಿದಳು. ಈ ಹೆಂಗಸು ಇಷ್ಟು ತಿಂಗಳು ಎದುರು ಬಾಗಿಲಲ್ಲಿ ಕೂತು, ಅದನ್ನು ನಂಬಿಕೊಂಡು, ಜರಿ ಸುತ್ತುತ್ತಿದ್ದಳು!

"ಹಾಗೆ ಅಂದುಕೊಂಡಿದ್ದೂ ನನ್ನ ಹತ್ತಿರ ಬಂದಿರಾ? ಯಾಕೆ ಬಂದಿರಿ?"

"ನಿನ್ನಿಂದ ಮತ್ತೊಮ್ಮೆ ಕೇಳಬೇಕಿತ್ತು. ನೀರಲ್ಲಿ, ಹಾಗೇ ಹೆದರಿದಾಗ. ನೀನೋ, ಒಂದೇ ಸಮ ಗುಜರಾತಿ, ಶಾಲೆಯ ಪಾಠದ ಹಾಗೆ." ಜಸುಬೆನ್ ಕೆಮ್ಮಿದಳು. "ಇವತ್ತು ಅದಕ್ಕೇ ಗಂಟು ಬಿಚ್ಚಿದೆ ಅಂತ ಹೇಳಲಾರೆ. ಕೆಳಗೆ ಅವಳು ಏನು ಕಂಡಳು ಅಂತ ನೋಡಬೇಕಿತ್ತು. ಮೇಲೆ ಬರಬೇಕು ಅಂತ ಇತ್ತೋ ಇಲ್ಲವೋ, ನನಗೇ ಗೊತ್ತಿಲ್ಲ."

ಸುಲೋಚನಾ ಆಗ ತನ್ನದನ್ನೂ ಹೇಳಿದಳು. ಗುಜರಾತಿ ನಾಲಗೆಗೆ ಬರಲಿಲ್ಲವೆಂದು. ಮಗುವಿಗೆ ಅರ್ಥವಾಗದ ಮಾತಿನಲ್ಲಿ ಕೂಗಿದೆನೆಂದು. "ಅರ್ಥವಾಗಿದ್ದರೆ ಹಿಡಿದುಕೊಳ್ಳುತ್ತಿದ್ದಳೇನೋ. ನಿಮಗೆ ಏನನ್ನಿಸುತ್ತದೆ ಜಸುಬೆನ್? ಅವಳಿಗೆ ತಿಳಿದಿರಬಹುದೇ?"

ಹೌದು, ತಿಳಿದಿತ್ತು ಎಂದು ಸಮಾಧಾನ ಹೇಳುವುದು ಆ ತಾಯಿಗೆ ಕಷ್ಟವಿರಲಿಲ್ಲ. ಹೇಳಲಿಲ್ಲ. "ಗೊತ್ತಿಲ್ಲ ಬೆನ್" ಎಂದಳು. "ಅದು ನಿನಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ."

ಇಬ್ಬರೂ ಒದ್ದೆ ಸೀರೆಯಲ್ಲೇ ಓಣಿಗೆ ನಡೆದು ಬಂದರು. ಆ ಸಂಜೆಯೂ ಕೂಗು ಕೇಳಿತು. ಮಾರನೆಯ ಸಂಜೆಯೂ. ಬೆಳಗ್ಗೆ ಜಸುಬೆನ್ ತಪ್ಪದೆ ಓವಾರಾಕ್ಕೆ ಬಂದಳು. ಸುಲೋಚನಾ ಅವಳ ಕಾಯಿಯ ಗಂಟನ್ನು ತಾನೇ ಹಾಕಿ, ಎರಡು ಸಲ ಎಳೆದು ನೋಡುತ್ತಿದ್ದಳು. ಇಬ್ಬರೂ ಆ ದಿನದ ಮಾತೆತ್ತಲಿಲ್ಲ. ಆದರೆ ನೀರಿನಲ್ಲಿ ಸುಲೋಚನಾ ಈಗ ಬಾಯಿಗೆ ಬಂದ ಭಾಷೆಯಲ್ಲಿ ಕೂಗುತ್ತಿದ್ದಳು. ಕೆಲವು ವಾರಗಳಲ್ಲಿ ನಾನ್‌ಪುರಾದ ಹೆಂಗಸರೆಲ್ಲ "ಕಾಲ್ ಬಡಿ, ಕಾಲ್ ಬಡಿ" ಎಂದು ಒಬ್ಬರಿಗೊಬ್ಬರು ಕನ್ನಡದಲ್ಲಿ ಗದರಿಕೊಳ್ಳುವಂತಾಯಿತು. ನಿರುಪಮಾಬೆನ್ ಒಂದು ದಿನ ನೋಡಲು ಬಂದು, ಇದು ಯಾವ ದೇಶದ ವ್ಯಾಯಾಮ ಎಂದು ಕೇಳಿದರು.

ಬೇಸಿಗೆ ಬಲಿತಾಗ ಒಂದು ಸಂಜೆ ದೀಪ ಹಚ್ಚುವ ಹೊತ್ತು ಬಂತು, ಹೋಯಿತು. ಎದುರಿನಿಂದ ಕೂಗು ಬರಲಿಲ್ಲ. ಸುಲೋಚನಾ ಹಿಟ್ಟು ನಾದುತ್ತಿದ್ದವಳು ಎದ್ದು ಬಾಗಿಲಿಗೆ ಓಡಿದಳು. ಎದುರು ಅಡುಗೆಮನೆಯ ಬೆಳಕಿನಲ್ಲಿ ಜಸುಬೆನ್ ಕೂತು ರೊಟ್ಟಿ ಲಟ್ಟಿಸುತ್ತಿದ್ದಳು, ದಿನದ ಹಾಗೆ. ಆ ಮೌನ ಕೂಗಿಗಿಂತ ಕೆಟ್ಟದಾಗಿತ್ತು. ಹುಡುಗಿ ಆ ಸಂಜೆ ನಿಜವಾಗಿ ಸತ್ತಂತೆ ಆಯಿತು. ಸುಲೋಚನಾ ಬಾಗಿಲ ಚೌಕಟ್ಟಿಗೆ ಒರಗಿ, ನೆರೆಯ ನಂತರ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. ಹೋಟೆಲಿನಿಂದ ಬಂದ ದಾಮೋದರ ಒಳಗೆ ಹೋಗಿ, ಅವಳು ಬಿಟ್ಟುಬಂದ ಹಿಟ್ಟನ್ನು ತಾನೇ ನಾದಿದ.

ಜೂನ್‌ನಲ್ಲಿ ನದಿ ಕೆಂಪಾಯಿತು, ಬಿದಿರುಗಳನ್ನು ಕಿತ್ತರು. ನಗರಸಭೆಗೆ ಆಮೇಲೆ ಬೇರೆ ಬೇರೆ ಚಿಂತೆಗಳು. ಮರುಚಳಿಗಾಲಕ್ಕೆ ಜೀಪು ಬರಲಿಲ್ಲ. ನಡೆಯುವವರ ದಾರಿಯಲ್ಲಿ ಮೊದಲಿನ ಹಾಗೆ ಎಮ್ಮೆಗಳು ಮಲಗಿದವು, ಗರಡಿಮನೆಗಳಿಗೆ ಮತ್ತೆ ಬೀಗ ಬಿತ್ತು. ಓವಾರಾಕ್ಕೆ ಮಾತ್ರ ಏಳೆಂಟು ಹೆಂಗಸರು ತಾವೇ ಸೀರೆಗಳನ್ನು ಅಡ್ಡ ಕಟ್ಟಿಕೊಂಡು ಬಂದರು, ಯಾರೂ ಕರೆಯದೆ. ಜಸುಬೆನ್‌ಗೆ ನದಿ ದಾಟುವಷ್ಟು ಈಜು ಕೊನೆಗೂ ಬರಲಿಲ್ಲ. ಮಲಗಿ ತೇಲಲು ಮಾತ್ರ ಬಂತು. ಕಿವಿ ನೀರಿನಲ್ಲಿ ಮುಳುಗಿಸಿ, ಮುಖವನ್ನು ಆಕಾಶಕ್ಕೆ ಮಾಡಿ, ಕಣ್ಣು ಮುಚ್ಚಿ, ಇಳಿತ ಶುರುವಾಗುವವರೆಗೂ ಹಾಗೇ ಇರುತ್ತಿದ್ದಳು. ಸುಲೋಚನಾ ಪಕ್ಕದಲ್ಲಿ ನೀರು ತುಳಿಯುತ್ತ ಕಾಯುತ್ತಿದ್ದಳು. ಕೈ ತಣ್ಣಗಾಗುವುದು ನಿಂತಿರಲಿಲ್ಲ. ಅದನ್ನು ಹೊತ್ತುಕೊಂಡೇ ಈಜುವುದು ಅವಳಿಗೆ ರೂಢಿಯಾಗಿತ್ತು.

ಆ ವರ್ಷ ಕಳೆಯುವುದರೊಳಗೆ ಜಸುಬೆನ್‌ಳ ಗಂಡ ಜರಿಯ ಕೆಲಸ ಬಿಟ್ಟು ವಜ್ರ ಉಜ್ಜುವ ಕೆಲಸ ಹಿಡಿದ, ಮನೆ ಕತಾರ್‌ಗಾಮ್‌ಗೆ ಬದಲಾಯಿತು. ಗಾಡಿ ಹತ್ತುವಾಗ ಜಸುಬೆನ್ ಸುಲೋಚನಾಳ ಕೆನ್ನೆಯನ್ನು ಒಮ್ಮೆ ಅಂಗೈಯಿಂದ ಮುಟ್ಟಿದಳು.

ಎದುರುಮನೆ ಸ್ವಲ್ಪ ಕಾಲ ಖಾಲಿ ಇತ್ತು. ಆಮೇಲೆ ಭರೂಚ್ ಕಡೆಯ ಒಂದು ಸಂಸಾರ ಬಂತು. ಸಾಮಾನು ಇಳಿಸುತ್ತಿದ್ದ ಹೆಂಗಸಿಗೆ ಸುಲೋಚನಾ ಒಂದು ತಂಬಿಗೆ ಕುಡಿಯುವ ನೀರು, ಸ್ವಲ್ಪ ಬೆಲ್ಲ ಒಯ್ದು ಕೊಟ್ಟಳು. ಹೆಸರೇನು, ಊರೆಲ್ಲಿ, ಮಕ್ಕಳೆಷ್ಟು ಎಂದು ಕೇಳುವುದು ವಾಡಿಕೆ. ಅವಳು ಅದೊಂದನ್ನೂ ಕೇಳಲಿಲ್ಲ.

"ನಿಮ್ಮಲ್ಲಿ ಯಾರಿಗಾದರೂ ಈಜು ಬರುತ್ತದೆಯೇ?" ಎಂದು ಕೇಳಿದಳು.